ಪಾರ್ಟ್ರಿಡ್ಜ್ ಗರಿ: ಪೊಟ್ಟಣ ಬಿಟ್ಟು ಇಡೀ ಚರ್ಮ ಕೊಳ್ಳಿ

ಮೀನು ಹಿಡಿಯಲು ಗಾಳದ ಮೇಲೆ ಮೆತ್ತನೆಯ ಗರಿ ಸುತ್ತಿ ಮಾಡುವ ಹುಳುವಿನ ಅನುಕರಣೆಯೇ ಸಾಫ್ಟ್ ಹ್ಯಾಕಲ್ ಫ್ಲೈ. ಅದನ್ನು ಕಟ್ಟುವವರಿಗೆ ಪಾರ್ಟ್ರಿಡ್ಜ್ (ಕೌಜುಗದ ಬಳಗದ ವಿದೇಶಿ ಹಕ್ಕಿ) ಗರಿ ಎರಡು ಬಗೆಯಲ್ಲಿ ಸಿಗುತ್ತದೆ: ಬಿಡಿ ಗರಿಗಳ ಪೊಟ್ಟಣ, ಇಲ್ಲವೇ ಹದಮಾಡಿದ ಇಡೀ ಚರ್ಮ. ಪೊಟ್ಟಣ ಅಗ್ಗವೇನೋ ಸರಿ, ಆದರೆ ಅದರಲ್ಲಿರುವ ಗರಿಗಳಲ್ಲಿ ಹೆಚ್ಚಿನವು 10ನೇ ನಂಬರಿನ ಗಾಳಕ್ಕೆ ಹೊಂದುವಂಥವು. ನಂಬರು ಏರಿದಷ್ಟೂ ಗಾಳ ಸಣ್ಣದು. ಮೇಫ್ಲೈ ಎಂಬ ನೀರಿನ ಹುಳುಗಳಲ್ಲಿ ಸಣ್ಣವನ್ನು ಅನುಕರಿಸಲು ಬೇಕಾದ 14, 16ಕ್ಕೆ ಆ ಗರಿಗಳು ತೀರ ಉದ್ದ. ಕತ್ತರಿಯಿಂದ ಮೊಟಕು ಮಾಡುವುದು ದಂಡ: ಗರಿಯ ಒಂದೊಂದು ಎಳೆಯ ತೆಳ್ಳನೆಯ ತುದಿಯೇ ನೀರಿನಲ್ಲಿ ಅಲುಗುವುದು, ಅದನ್ನೇ ಕತ್ತರಿಸಿದರೆ ಉಳಿಯುವುದು ಪೊರಕೆ.

ಚರ್ಮದಲ್ಲಾದರೆ ಕುತ್ತಿಗೆಯ ಬೂದು ಚುಕ್ಕೆಯ ಪುಟ್ಟ ಗರಿಗಳೂ ಬೆನ್ನಿನ ಕಂದು ಗರಿಗಳೂ ಒಟ್ಟಿಗೇ ಸಿಗುತ್ತವೆ. ಕೊಳ್ಳುವಾಗ ಕುತ್ತಿಗೆ ಪೂರ್ತಿ ಇದೆಯೇ ನೋಡಿ. ಒಳಮೈ ಜಿಡ್ಡಾಗಿದ್ದರೆ, ಗರಿ ತಾನಾಗಿ ಉದುರುತ್ತಿದ್ದರೆ ವಾಪಸ್ ಇಟ್ಟುಬಿಡಿ.

ಗರಿಯ ಗುಣ ತಿಳಿಯಲು ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಹಳೆಯ ಫ್ಲೈ ‘ಪಾರ್ಟ್ರಿಡ್ಜ್ ಅಂಡ್ ಯೆಲ್ಲೋ’ ಕಟ್ಟಿ ನೋಡಬೇಕು. 14ನೇ ನಂಬರಿನ ವೆಟ್ ಫ್ಲೈ (ನೀರಿನೊಳಗೆ ಮುಳುಗುವ ಫ್ಲೈ) ಗಾಳ, ಹಳದಿ ರೇಷ್ಮೆ ದಾರ, ಒಂದು ಗರಿ, ಅಷ್ಟೇ. ದಾರಕ್ಕೆ ಮೇಣ ಸವರಿದರೆ ಹಳದಿ ಬಣ್ಣ ಆಲಿವ್ ಕಡೆಗೆ ತಿರುಗುತ್ತದೆ. ಇಲ್ಲಿ ಬೇಕಾದದ್ದೂ ಅದೇ. ಗಾಳದ ಕಣ್ಣಿನಿಂದ (ನೂಲು ಪೋಣಿಸುವ ಉಂಗುರ) 2 ಮಿ.ಮೀ. ಜಾಗ ಬಿಟ್ಟು ದಾರ ಹಚ್ಚಿ. ಗರಿಯ ಬುಡದ ತುಪ್ಪುಳ ಕಿತ್ತು, ತುದಿಯ ಚಿಟಿಕೆಯಷ್ಟು ಎಳೆ ಬಿಟ್ಟು ಉಳಿದವನ್ನು ಹಿಂದಕ್ಕೆ ನೀವಿ, ಒಂದು ಬದಿಯ ಎಳೆಗಳನ್ನು ಪೂರ್ತಿ ತೆಗೆದುಹಾಕಿ. ತುದಿಯನ್ನು ಕಣ್ಣಿನ ಹಿಂದೆ ಕಟ್ಟಿ. ಆಮೇಲೆ ದಾರವನ್ನು ಒತ್ತೊತ್ತಾಗಿ ಸುತ್ತುತ್ತ ಗಾಳದ ಮೊನೆಯ ನೇರಕ್ಕೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮೈ ಅಷ್ಟೇ ಗಿಡ್ಡವಿರಲಿ. ಗರಿಯನ್ನು ಒಂದೂವರೆ ಸುತ್ತು ಸುತ್ತಿ, ಬುಡ ಕಟ್ಟಿ ಕತ್ತರಿಸಿ, ಪುಟ್ಟ ತಲೆ ಮಾಡಿ ಗಂಟು ಹಾಕಿದರೆ ಆಯಿತು. ಎಳೆಗಳ ತುದಿ ಗಾಳದ ಬಾಗಿಗೆ ಮುಟ್ಟಬೇಕು, ಹೆಚ್ಚೆಂದರೆ ಕೂದಲೆಳೆಯಷ್ಟು ದಾಟಬಹುದು.

ಹೊಸಬರು ಎಡವುವುದು ಸುತ್ತಿನ ಲೆಕ್ಕದಲ್ಲಿ. ದಟ್ಟವಾಗಿದ್ದರೆ ಚೆಂದ ಅಂತ ಮೂರು ಸುತ್ತು ಹಾಕಿದರೆ ಎಳೆಗಳು ಒಂದಕ್ಕೊಂದು ಆತುಕೊಂಡು ನಿಂತುಬಿಡುತ್ತವೆ. ನೀರಿನ ಮೇಲ್ಮೈಗೆ ಏರಿ ಪೊರೆ ಬಿಡುತ್ತಿರುವ ಮೇಫ್ಲೈಯ ಕಾಲು, ಮುದುಡಿದ ರೆಕ್ಕೆಗಳ ಮಿಸುಕಾಟ ಆಗ ಕಾಣುವುದೇ ಇಲ್ಲ. ಗರಿಯ ನಡುವಿನ ಕಡ್ಡಿ ಪದೇ ಪದೇ ಮುರಿಯುತ್ತಿದ್ದರೆ ಗರಿಯನ್ನು ತೀರ ತುದಿಯಲ್ಲಿ ಕಟ್ಟುತ್ತಿದ್ದೀರಿ ಎಂದರ್ಥ. ಒಂದೆರಡು ಎಳೆಯಷ್ಟು ಕೆಳಗೆ ಸರಿಯಿರಿ. ಇನ್ನೊಂದು ವಿಷಯ, ರೇಷ್ಮೆ ಒದ್ದೆಯಾದಾಗ ಪಾರದರ್ಶಕವಾಗುತ್ತದೆ. ಕಪ್ಪು ಗಾಳದ ಮೇಲೆ ಹಳದಿ ಮಂಕಾಗಿ ಕಾಣುವುದು ಅದಕ್ಕೇ. ದಾರವನ್ನು ದೂರಬೇಡಿ, ತಿಳಿ ಬಣ್ಣದ ಗಾಳ ಬಳಸಿ.

ಚರ್ಮದ ದೊಡ್ಡ ಕೊರತೆ ಎಂದರೆ ಒಂದೇ ಸಲ ಕೊಡಬೇಕಾದ ದುಡ್ಡು. ಸಣ್ಣ ಗರಿಗಳು ಮೊದಲು ಖಾಲಿಯಾಗುವುದೂ ಹೌದು. ನುಸಿ ಬೀಳದಂತೆ ಜಿಪ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿಡಿ.

ಭಾರತದಲ್ಲಿ ಕಟ್ಟುವವರು ನಮ್ಮ ಕೌಜುಗದ ಗರಿಯತ್ತ ಕಣ್ಣು ಹಾಯಿಸುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಬೇಟೆ ನಿಷಿದ್ಧ. ಪಾರ್ಟ್ರಿಡ್ಜ್ ಸಿಗದಿದ್ದರೆ ನಾಟಿ ಹೇಂಟೆಯ ಕುತ್ತಿಗೆ ಗರಿ ಸಾಕು. ಎಳೆ ತುಸು ಬಿರುಸು, ಹಾಗಾಗಿ ಒಂದೇ ಸುತ್ತು. ಹುಂಜದ ಗರಿ ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ.