ಅಮೆರಿಕದ ಕಾಲೇಜು ಪ್ರವೇಶಕ್ಕೆ ‘ಕಾಮನ್ ಆ್ಯಪ್’: ಬಳಸುವ ಮುನ್ನ ತಿಳಿಯಬೇಕಾದದ್ದು

ಅಮೆರಿಕದಲ್ಲಿ ಪದವಿ ಓದಬಯಸುವ ಹೈಸ್ಕೂಲ್ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಅರ್ಜಿ ಸಲ್ಲಿಸುವುದು, ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸಬಹುದಾದ ‘ಕಾಮನ್ ಆ್ಯಪ್’ ಜಾಲತಾಣದ ಮೂಲಕ. 1975ರಲ್ಲಿ 15 ಕಾಲೇಜುಗಳು ಸೇರಿ ಆರಂಭಿಸಿದ ಈ ಸೇವೆಯಲ್ಲಿ ಈಗ ಸಾವಿರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಿವೆ. ಖಾತೆ ತೆರೆಯುವುದು ಉಚಿತ. ಅರ್ಜಿ ಶುಲ್ಕವನ್ನು ಆಯಾ ಕಾಲೇಜು ನಿಗದಿ ಮಾಡುತ್ತದೆ.

ನನ್ನ ದೃಷ್ಟಿಯಲ್ಲಿ ಇದರ ಅತ್ಯುತ್ತಮ ಭಾಗ ಚಟುವಟಿಕೆಗಳ ಪಟ್ಟಿ. ಹತ್ತಕ್ಕಿಂತ ಹೆಚ್ಚು ಚಟುವಟಿಕೆಗಳಿಗೆ ಇಲ್ಲಿ ಜಾಗವಿಲ್ಲ. ಒಂದೊಂದರ ವಿವರಣೆಯೂ 150 ಅಕ್ಷರಗಳನ್ನು ಮೀರುವಂತಿಲ್ಲ. ಜೊತೆಗೆ ಯಾವ ತರಗತಿಗಳಲ್ಲಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದನ್ನೂ ತಿಳಿಸಬೇಕು. ಹನ್ನೆರಡನೆಯ ತರಗತಿಯಲ್ಲಿ ಅವಸರಕ್ಕೆ ಸೇರಿದ ಕ್ಲಬ್‌ಗಳು ಈ ಲೆಕ್ಕದಲ್ಲಿ ತಾವಾಗಿಯೇ ಬಯಲಾಗುತ್ತವೆ. ಒಂಬತ್ತನೆಯ ತರಗತಿಯಿಂದ ಬಿಡದೆ ನುಡಿಸಿದ ಮೃದಂಗಕ್ಕೋ, ವಾರಾಂತ್ಯದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟ ಪಾಠಕ್ಕೋ ತೂಕ ಬರುತ್ತದೆ. ಕೌಟುಂಬಿಕ ಜವಾಬ್ದಾರಿ, ಸಂಬಳದ ಕೆಲಸ ಎಂಬ ವರ್ಗಗಳೂ ಇಲ್ಲಿವೆ. ಅಜ್ಜಿಯ ಆರೈಕೆಯನ್ನೋ ಅಂಗಡಿಯ ದುಡಿಮೆಯನ್ನೋ ಬರೆಯಲು ಸಂಕೋಚಪಟ್ಟು, ದುಬಾರಿ ಬೇಸಿಗೆ ಶಿಬಿರದ ಪ್ರಮಾಣಪತ್ರವನ್ನು ಮೊದಲು ನಮೂದಿಸುವುದು (ನಮ್ಮವರಲ್ಲಿ ಈ ಮೋಹ ತುಸು ಹೆಚ್ಚೇ) ಜಾಣತನವೆಂದು ನನಗೆ ಅನಿಸುವುದಿಲ್ಲ.

ಮುಖ್ಯ ಪ್ರಬಂಧ 250ರಿಂದ 650 ಪದಗಳೊಳಗೆ ಇರಬೇಕು. ಏಳು ಸೂಚಿತ ವಿಷಯಗಳಲ್ಲಿ ಕೊನೆಯದು ವಿದ್ಯಾರ್ಥಿಯ ಸ್ವಂತ ಆಯ್ಕೆ.

ಸೇವೆಯ ದೋಷವೆಂದರೆ ಅದರ ಸೌಲಭ್ಯವೇ. 20 ಕಾಲೇಜುಗಳವರೆಗೆ ಸೇರಿಸಲು ಅವಕಾಶವಿರುವುದರಿಂದ ವಿದ್ಯಾರ್ಥಿಗಳು ಪಟ್ಟಿಯನ್ನು ಬೆಳೆಸುತ್ತಾರೆ. ಆದರೆ ಅನೇಕ ಕಾಲೇಜುಗಳು ಪ್ರತ್ಯೇಕವಾಗಿ ಕೇಳುವ ಪೂರಕ ಪ್ರಶ್ನೆಗಳಿಗೆ ಕೊನೆಕೊನೆಗೆ ಒಂದೇ ಉತ್ತರವನ್ನು ತಿದ್ದಿ ಅಂಟಿಸುವಂತಾಗುತ್ತದೆ. ಹತ್ತರೊಳಗೆ ನಿಲ್ಲಿಸುವುದೇ ಲೇಸು. ಎಂಐಟಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಮತ್ತು ‘ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ’ಗಳಿಗೆ ಬೇರೆಯೇ ಅರ್ಜಿಗಳಿವೆ. ಎರಡನೆಯದರಲ್ಲಿ ಎಂಟು ಪ್ರಶ್ನೆಗಳಿಂದ ನಾಲ್ಕನ್ನು ಆರಿಸಿಕೊಂಡು ತಲಾ 350 ಪದಗಳೊಳಗೆ ಉತ್ತರಿಸಬೇಕು.

ಕರ್ನಾಟಕದಿಂದ ಅರ್ಜಿ ಹಾಕುವ ಪಿಯು ವಿದ್ಯಾರ್ಥಿಗಳಿಗೆ ತೊಡಕು ಬೇರೆ ಕಡೆಯಿದೆ. ಕಾಮನ್ ಆ್ಯಪ್‌ನ ನಮೂನೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ. ನಮ್ಮಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳ ಅಂಕಪಟ್ಟಿ ಹಳೆಯ ಶಾಲೆಯಿಂದ ಬರಬೇಕು. ಕೌನ್ಸೆಲರ್ (ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಸಿಬ್ಬಂದಿ) ಇಲ್ಲದ ಕಾಲೇಜಿನಲ್ಲಿ, ವಿದ್ಯಾರ್ಥಿಯ ಬಗ್ಗೆ ಸಂಸ್ಥೆ ಕಳಿಸಬೇಕಾದ ಶಾಲಾ ವರದಿಯನ್ನು ಪ್ರಾಂಶುಪಾಲರೇ ತುಂಬಬೇಕಾಗುತ್ತದೆ. ಹೊಸ ಸಾಲಿನ ಅರ್ಜಿ ಆಗಸ್ಟ್ 1ರಂದು ತೆರೆಯುತ್ತದೆ, ಹಲವು ಕಾಲೇಜುಗಳ ಮುಂಗಡ ಸುತ್ತಿನ (ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯುವ ಸುತ್ತು) ಗಡುವು ನವೆಂಬರ್ 1. ಆದ್ದರಿಂದ ಪ್ರಥಮ ಪಿಯುಸಿಯಲ್ಲಿ ಪಾಠ ಮಾಡಿದ ಉಪನ್ಯಾಸಕರನ್ನು ಜುಲೈ ಒಳಗೇ ಕಂಡು, ಶಿಫಾರಸು ಪತ್ರಕ್ಕೆ ಒಪ್ಪಿಗೆ ಪಡೆದಿರಬೇಕು.