ಹಳೆಯ ಹೆಸರು ಹೊತ್ತ ಹಾರರ್ ಸಿನಿಮಾಗಳ ಬಗ್ಗೆ ಒಂದು ಎಚ್ಚರಿಕೆ

ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ದಿನಕ್ಕೊಂದು ಹಾರರ್ ಅಥವಾ ಥ್ರಿಲ್ಲರ್ ಸಿನಿಮಾ ನೋಡಬೇಕೆಂದು ನೀವು ಪಟ್ಟಿ ಮಾಡಿಕೊಳ್ಳುತ್ತಿದ್ದರೆ, ಪ್ರಸಿದ್ಧ ಚಿತ್ರಗಳ ಮುಂದುವರಿದ ಭಾಗಗಳನ್ನೂ ರೀಮೇಕ್‌ಗಳನ್ನೂ ಅದಕ್ಕೆ ಸೇರಿಸುವ ಮೊದಲು ದಯವಿಟ್ಟು ಇದನ್ನು ಓದಿ. ಪತ್ತನಾಜೆಗೆ, ಅಂದರೆ ವರ್ಷದ ತಿರುಗಾಟದ ಕೊನೆಯ ದಿನಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಉಡುಪಿಯ ಮಳೆಗಾಲದ ರಾತ್ರಿಗಳು ಬಹಳ ಉದ್ದವೆನಿಸುತ್ತವೆ. ಅದಕ್ಕಾಗಿಯೇ ಈ ಬಾರಿ ಆಟಿಯಿಡೀ ನಡೆಸಬೇಕಾದ ಒಂದು ಸವಾಲನ್ನು ನನಗೆ ನಾನೇ ಹಾಕಿಕೊಂಡಿದ್ದೆ: ಒಂದು ರಾತ್ರಿ ಹೆಸರಾಂತ ಹಳೆಯ ಚಿತ್ರ, ಮರುರಾತ್ರಿ ಅದೇ ಹೆಸರಿನಲ್ಲಿ ನಂತರ ಬಂದ ಚಿತ್ರ, ಮತ್ತು ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವಂತಿಲ್ಲ. ಹಳೆಯ ಚಿತ್ರಗಳು ಒಂದೂ ಮೋಸ ಮಾಡಲಿಲ್ಲ. ನಂತರದವುಗಳಲ್ಲಿ ಹೆಚ್ಚಿನವು ದುಡ್ಡನ್ನೂ ನಿದ್ದೆಯನ್ನೂ ತಿಂದವು. ಅವು ಕೆಟ್ಟದ್ದು ಬಹುತೇಕ ಒಂದೇ ಕಾರಣಕ್ಕೆ: ಮೊದಲ ಚಿತ್ರವು ಯಾವುದನ್ನು ಮುಚ್ಚಿಟ್ಟು ಹೆದರಿಸಿತ್ತೋ ಅದನ್ನೇ ಇವು ಬೆಳಕಿಗೆ ಎಳೆದು ತೋರಿಸುತ್ತವೆ, ಸಾಲದೆಂಬಂತೆ ವಿವರಿಸಲೂ ತೊಡಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಬೇಸರ ತಂದದ್ದು ‘ದಿ ಹಾಂಟಿಂಗ್’. ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿಯನ್ನು ಆಧರಿಸಿ ರಾಬರ್ಟ್ ವೈಸ್ 1963ರಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರದಲ್ಲಿ ಒಂದೇ ಒಂದು ದೆವ್ವವೂ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಮನೆಯೊಳಗಿನ ಓಣಿಯ ಆ ತುದಿಯಿಂದ ಗೋಡೆಗೆ ಗುದ್ದುವ ಸದ್ದು ಹತ್ತಿರ ಹತ್ತಿರ ಬರುತ್ತದೆ, ಇಬ್ಬರು ಹೆಂಗಸರು ಮುದುಡಿ ಕುಳಿತ ಕೋಣೆಯ ಹೊರಗೆ ನಿಲ್ಲುತ್ತದೆ, ಬಾಗಿಲಿನ ಹಿಡಿಕೆ ಮೆಲ್ಲಗೆ ತಿರುಗುತ್ತದೆ. ಮತ್ತೊಂದು ದೃಶ್ಯದಲ್ಲಿ ದಪ್ಪನೆಯ ಮರದ ಬಾಗಿಲು, ಆಚೆಯಿಂದ ಏನೋ ಭಾರವಾದದ್ದು ಒರಗಿದಂತೆ, ಒಳಕ್ಕೆ ಉಬ್ಬಿ ಮತ್ತೆ ಇಳಿಯುತ್ತದೆ. ತೋರಿಸುವುದು ಅಷ್ಟೇ. ಮಳೆಗೆ ಉಬ್ಬಿ ದಾರಂದಕ್ಕೆ ಕಚ್ಚಿಕೊಂಡಿದ್ದ ನಮ್ಮ ಮನೆಯ ಹಲಸಿನ ಮರದ ಬಾಗಿಲನ್ನು ಆ ರಾತ್ರಿ ನಾನು ಎದ್ದುಹೋಗಿ ಮುಟ್ಟಿ ನೋಡಿ ಬಂದು ಮಲಗಿದೆ.

ಮರುದಿನ ನೋಡಿದ್ದು ಯಾನ್ ಡಿ ಬಾಂಟ್ ನಿರ್ದೇಶನದ, ಸುಮಾರು 8 ಕೋಟಿ ಡಾಲರ್ ವೆಚ್ಚದ 1999ರ ಚಿತ್ರ. ಅದೇ ಕಾದಂಬರಿ, ಅದೇ ಹೆಸರು, ಸೆಟ್ಟುಗಳಂತೂ ನಿಜಕ್ಕೂ ಭವ್ಯ. ಆದರೆ ಇಲ್ಲಿ ಮರದಲ್ಲಿ ಕೆತ್ತಿದ ಮಕ್ಕಳ ಮುಖಗಳು ಕತ್ತು ತಿರುಗಿಸುತ್ತವೆ, ವಿಗ್ರಹಗಳಿಗೆ ಜೀವ ಬರುತ್ತದೆ, ಕೊನೆಗೆ ಮನೆಯ ಹಳೆಯ ಯಜಮಾನನ ದೆವ್ವವೇ ಕಂಪ್ಯೂಟರ್ ಗ್ರಾಫಿಕ್ಸ್ ರೂಪದಲ್ಲಿ ಆಳೆತ್ತರ ಮೀರಿ ಎದ್ದುನಿಲ್ಲುತ್ತದೆ. ಕಣ್ಣಿಗೆ ಕಂಡ ಕ್ಷಣದಿಂದ ಅದಕ್ಕೊಂದು ಅಳತೆ ಬಂದುಬಿಡುತ್ತದೆ, ಇದು ಇಷ್ಟೇ ಎಂದು ಮನಸ್ಸು ನಿಶ್ಚಿಂತೆಯಾಗುತ್ತದೆ. ತೆಂಕುತಿಟ್ಟಿನ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವ ಮೊದಲು ಎಷ್ಟು ಹೊತ್ತು ಕಾಯಿಸುತ್ತಾರೆಂದು ನೆನಪಿಸಿಕೊಳ್ಳಿ. ಮೊದಲು ಕತ್ತಲಿನಿಂದ ಆರ್ಭಟೆ, ಆಮೇಲೆ ಚಂಡೆಯ ಪೆಟ್ಟು, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ದೊಂದಿಯ ಬೆಂಕಿ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಮಾತ್ರ. ಬಯಲಲ್ಲಿ ಕುಳಿತ ಮಕ್ಕಳು ಅಮ್ಮನ ಸೆರಗಿಗೆ ಮುಖ ಒತ್ತಿಕೊಳ್ಳುವುದು ಆ ಕಾಯುವಿಕೆಯಲ್ಲಿಯೇ ಹೊರತು ವೇಷ ಪೂರ್ತಿ ಕಂಡು ಕುಣಿಯತೊಡಗಿದ ಮೇಲಲ್ಲ. 1999ರ ಚಿತ್ರದವರಿಗೆ ಹಣವಿತ್ತು, ಒಳ್ಳೆಯ ನಟರಿದ್ದರು, ಕಾಯಿಸುವ ಧೈರ್ಯ ಮಾತ್ರ ಇರಲಿಲ್ಲ.

‘ಸೈಕೋ’ದ ಕಥೆ ಬೇರೆ. ಆಲ್ಫ್ರೆಡ್ ಹಿಚ್‌ಕಾಕ್ 1960ರಲ್ಲಿ ಈ ಚಿತ್ರ ಬಿಡುಗಡೆ ಮಾಡಿದಾಗ ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಷರತ್ತು ಹಾಕಿದ್ದರು, ಏಕೆಂದರೆ ನಾಯಕಿ ಎಂದು ನಾವು ನಂಬಿದ ಹೆಣ್ಣು ಚಿತ್ರ ಅರ್ಧವಾಗುವ ಮೊದಲೇ ಸಾಯುತ್ತಾಳೆ. 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಅದನ್ನೇ ಬಣ್ಣದಲ್ಲಿ, ಹೆಚ್ಚುಕಡಿಮೆ ಶಾಟ್‌ನಿಂದ ಶಾಟ್‌ಗೆ ಮತ್ತೆ ತೆಗೆದರು. ಚಿತ್ರಕಥೆ ಅದೇ, ಬರ್ನಾರ್ಡ್ ಹರ್ಮನ್ ಅವರ ಪಿಟೀಲಿನ ಚೀರಾಟವೂ ಅದೇ. ನೆರಳು ಎಲ್ಲಿ ಬೀಳುತ್ತದೆ, ಚೂರಿ ಯಾವಾಗ ಏಳುತ್ತದೆ ಎಂಬುದು ಮೊದಲೇ ಗೊತ್ತಿರುವಾಗ ನೋಡುವವನ ಕೆಲಸವೆಲ್ಲ ತಾಳೆ ನೋಡುವುದಷ್ಟೇ ಆಗುತ್ತದೆ. ಸಿನಿಮಾ ಕಲಿಯುವವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಯೋಜನವಿರಬಹುದು. ಹೆದರಲೆಂದು ಕುಳಿತವರಿಗೆ ಅದರಲ್ಲಿ ಏನೂ ಇಲ್ಲ.

1973ರ ‘ದಿ ಎಕ್ಸಾರ್ಸಿಸ್ಟ್’ ನೋಡಿದ ಉತ್ಸಾಹದಲ್ಲಿ 1977ರ ಎರಡನೆಯ ಭಾಗಕ್ಕೆ ಕೈಹಾಕಬೇಡಿ. ಮೊದಲ ಚಿತ್ರದಲ್ಲಿ ಒಬ್ಬ ತಾಯಿಯ ಸಂಕಟವಿದೆ, ನಂಬಿಕೆ ಕಳೆದುಕೊಳ್ಳುತ್ತಿರುವ ಒಬ್ಬ ಪಾದ್ರಿಯ ಸಂಕಟವಿದೆ. ಎರಡನೆಯದರಲ್ಲಿ ಮಿಡತೆಗಳ ಹಿಂಡೂ ಇಬ್ಬರನ್ನು ಒಟ್ಟಿಗೆ ಸಮ್ಮೋಹನಗೊಳಿಸುವ ಒಂದು ಯಂತ್ರವೂ ಇವೆ.

‘ಜಾಸ್’ ಸರಣಿಯ ನಾಲ್ಕನೆಯ ಚಿತ್ರವನ್ನು ನೋಡುವ ರಾತ್ರಿ ಪಕ್ಕದ ಮನೆಯ ಅಣ್ಣನೂ ಬಂದಿದ್ದರು. ಅವರು ಮಲ್ಪೆಯಿಂದ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಮನೆಯಲ್ಲೇ ಇದ್ದರು. ಸ್ಟೀವನ್ ಸ್ಪೀಲ್‌ಬರ್ಗ್ ಅವರ 1975ರ ಮೊದಲ ಚಿತ್ರವನ್ನು ಹಿಂದಿನ ರಾತ್ರಿ ಅವರು ಉಸಿರು ಬಿಗಿಹಿಡಿದು ನೋಡಿದ್ದರು. ಆ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಪದೇ ಪದೇ ಕೆಟ್ಟು ನಿಂತದ್ದರಿಂದ ಅದನ್ನು ಆದಷ್ಟು ಮರೆಯಲ್ಲಿಡಬೇಕಾಯಿತು, ಬರೀ ನೀರಿನ ಮೇಲ್ಮೈ ಮತ್ತು ಸಂಗೀತದಿಂದಲೇ ಭಯ ಹುಟ್ಟಿಸಬೇಕಾಯಿತು. 1987ರ ‘ಜಾಸ್: ದಿ ರಿವೆಂಜ್’ನಲ್ಲಿ ಶಾರ್ಕ್ ಒಂದು ಕುಟುಂಬದ ಮೇಲೆ ಸೇಡು ತೀರಿಸಿಕೊಳ್ಳಲು ಅಮೆರಿಕದ ತಂಪು ಕರಾವಳಿಯಿಂದ ಬಹಾಮಾಸ್ ದ್ವೀಪಗಳವರೆಗೆ ಹಿಂಬಾಲಿಸಿ ಬರುತ್ತದೆ, ನೀರಿನಿಂದ ತಲೆ ಎತ್ತಿ ಹುಲಿಯಂತೆ ಘರ್ಜಿಸುತ್ತದೆ. “ತಾಟೆ ಎಲ್ಲಿಯಾದ್ರೂ ಬೊಬ್ಬೆ ಹೊಡೆಯುವುದುಂಟಾ ಮಾರಾಯ್ರೆ?” ಎಂದು ಅಣ್ಣ ಎದ್ದೇ ಹೋದರು. ಅವರು ಹೇಳಿದ್ದು ಸರಿ. ಘರ್ಜಿಸಲು ಬೇಕಾದ ಧ್ವನಿತಂತುಗಳೇ ಶಾರ್ಕಿಗಿಲ್ಲ. ಕಡಲನ್ನು ದಿನವೂ ನೋಡುವವರ ಎದುರು ಇಂಥ ಸುಳ್ಳು ಒಂದು ನಿಮಿಷವೂ ನಿಲ್ಲುವುದಿಲ್ಲ. ಇನ್ನೊಂದು ವಿಷಯ: ಈ ಚಿತ್ರಕ್ಕೆ ಎರಡು ಅಂತ್ಯಗಳಿವೆ. ಅಮೆರಿಕದಲ್ಲಿ ಮೊದಲು ತೆರೆಕಂಡಾಗ ದೋಣಿಯ ಮುಂಗಂಬ ಚುಚ್ಚಿ ರಕ್ತ ಸೋರಿ ಸಾಯುವ ಶಾರ್ಕ್, ಬದಲಾಯಿಸಿದ ಆವೃತ್ತಿಯಲ್ಲಿ ಚುಚ್ಚಿದೊಡನೆ ಸಿಡಿದು ಚೂರಾಗುತ್ತದೆ. ಯಾವುದು ಸಿಕ್ಕಿದರೂ ನಿಮಗೆ ಲಾಭವಿಲ್ಲ.

ಇಂಗ್ಲಿಷ್ ಚಿತ್ರಗಳಿಂದ ಆದದ್ದು ಬೇಸರ ಮಾತ್ರ. ನಮ್ಮ ನೆಲದ ಹೆಸರು ಹೇಳಿಕೊಂಡು ಬಂದ ಒಂದು ಚಿತ್ರದಿಂದ ಆದದ್ದು ಸಿಟ್ಟು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಇಂಥವು ಒಂದೆರಡಲ್ಲವಾದ್ದರಿಂದ ಲಕ್ಷಣ ಹೇಳುತ್ತೇನೆ. ಹೆಂಚಿನ ದೊಡ್ಡ ಮನೆ, ಅಡಿಕೆ ತೋಟ, ಎಡೆಬಿಡದ ಮಳೆ, ಪೇಟೆಯಿಂದ ಬಂದ ದಂಪತಿ. ಕತ್ತಲೆಯ ಚಾವಡಿಯಲ್ಲಿ, ದೈವ ಕಟ್ಟುವವರು ಕಾಲಿಗೆ ತೊಡುವ ಗಗ್ಗರದ ಸದ್ದು ಕೇಳುತ್ತದೆ, ಮುಖಕ್ಕೆ ಬಣ್ಣ ಬಳಿದು ದೈವದ ಪ್ರಭಾವಳಿಯಾದ ಅಣಿ ಕಟ್ಟಿದ ಆಕೃತಿಯೊಂದು ಕಂಬದ ಮರೆಯಿಂದ ಹಾರಿ ಬರುತ್ತದೆ, ಹಿನ್ನೆಲೆ ಸಂಗೀತ ಕಿವಿ ಹರಿಯುವಂತೆ ಕಿರುಚುತ್ತದೆ. ದೈವದ ಕೋಲ ನಡೆಯುವ ಗದ್ದೆಯಲ್ಲಿ ನಿಂತು ಬೆಳೆದ ಯಾರಿಗೂ ಇದು ಒಪ್ಪಿಗೆಯಾಗಲಾರದು. ಗಗ್ಗರದ ಸದ್ದು ಕೇಳಿದರೆ ನಾವು ಓಡುವುದಿಲ್ಲ, ಕೈಮುಗಿದು ಎದ್ದು ನಿಲ್ಲುತ್ತೇವೆ. ದೈವ ನುಡಿ ಕೊಡುತ್ತದೆ, ಮನೆಯೊಳಗಿನ ತಕರಾರು ಕೇಳುತ್ತದೆ, ತಪ್ಪಿದವರನ್ನು ಗದರಿಸುತ್ತದೆ, ಕೊನೆಗೆ ಗಂಧಪ್ರಸಾದ ಕೊಟ್ಟು ಧೈರ್ಯ ಹೇಳುತ್ತದೆ. ಅಲ್ಲಿ ಭಯವಿಲ್ಲವೆಂದಲ್ಲ, ಆದರೆ ಅದು ತಪ್ಪು ಮಾಡಿದವನಿಗೆ ಇರುವ ಭಯ, ದಾರಿಹೋಕನನ್ನು ಬೆಚ್ಚಿಬೀಳಿಸುವ ಭಯವಲ್ಲ. ಈ ವ್ಯತ್ಯಾಸವನ್ನು ತಿಳಿಯುವ ಗೋಜಿಗೇ ಹೋಗದೆ ಅಣಿಯನ್ನೂ ಗಗ್ಗರವನ್ನೂ ವೇಷಭೂಷಣದ ಪೆಟ್ಟಿಗೆಯಿಂದ ಎತ್ತಿಕೊಂಡವರ ಚಿತ್ರವನ್ನು ಮನೆಯ ಹಿರಿಯರ ಜೊತೆ ಕುಳಿತು ನೋಡಲು ಹೋಗಬೇಡಿ. ಟ್ರೇಲರಿನಲ್ಲಿ ಮುಖವರ್ಣಿಕೆ ಕಂಡು ದೈವದ ಕಥೆ ಹೇಳುವ ಪಾಡ್ದನದ ಹಾಡಿನ ಒಂದು ಸಾಲೂ ಕೇಳದಿದ್ದರೆ ಅಲ್ಲಿಗೇ ಸಂಶಯಪಡಿ.

ಥ್ರಿಲ್ಲರ್‌ಗಳಲ್ಲಿ ಮೋಸದ ರೀತಿ ಬೇರೆ. ಎರಡು ಗಂಟೆ ಐವರ ಮೇಲೆ ಅನುಮಾನ ಬರಿಸಿ, ಅದುವರೆಗೆ ಒಂದು ದೃಶ್ಯದಲ್ಲೂ ಕಾಣದ ಆರನೆಯವನನ್ನು ಕೊಲೆಗಾರನೆಂದು ನಿಲ್ಲಿಸುವುದು, ಬಳಿಕ ಪೊಲೀಸ್ ಅಧಿಕಾರಿಯೊಬ್ಬರು ನಿಂತುಕೊಂಡು ಹಿಂದಿನದನ್ನೆಲ್ಲ ವರದಿ ಒಪ್ಪಿಸುವುದು. ನೋಡುಗನಿಗೆ ಸುಳಿವು ಕೊಡದೆ ಮುಚ್ಚಿಟ್ಟದ್ದನ್ನು ತಿರುವು ಎನ್ನಲಾಗದು. ಹಾರರ್ ಆಗಲಿ ಥ್ರಿಲ್ಲರ್ ಆಗಲಿ, ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ಎರಡೆರಡು ಸಲ ಕನಸಿನಿಂದ ಬೆಚ್ಚಿ ಎದ್ದರೆ, ಕಥೆಗಾರನ ಬಳಿ ನಿಜವಾದ ಭಯಕ್ಕೆ ಬೇಕಾದ ಸಾಮಗ್ರಿ ಇಲ್ಲವೆಂದು ತಿಳಿದು ನಿಲ್ಲಿಸಿಬಿಡಿ. ಶುರು ಮಾಡಿದ್ದನ್ನು ಮುಗಿಸಲೇಬೇಕೆಂಬ ನಿಯಮವನ್ನು ನಿಮ್ಮ ಸವಾಲಿನಲ್ಲಿ ಇಟ್ಟುಕೊಳ್ಳಬೇಡಿ.

ಬಾಡಿಗೆಗೆ ಪಡೆಯುವವರು ಹೆಸರಿನ ಜೊತೆ ವರ್ಷವನ್ನೂ ನಿರ್ದೇಶಕರನ್ನೂ ನೋಡಿಯೇ ಹಣ ಕಟ್ಟಬೇಕು. ನಾನು ಬಳಸುವ ಆ್ಯಪ್‌ನಲ್ಲಿ ‘ದಿ ಹಾಂಟಿಂಗ್’ ಎಂದು ಹುಡುಕಿದರೆ ಮೊದಲು ಎದುರಾಗುವುದು 1999ರ ಪೋಸ್ಟರೇ. ಅನೇಕ ಕಡೆ ಬಾಡಿಗೆಯ ಚಿತ್ರವನ್ನು ಒಮ್ಮೆ ಚಲಾಯಿಸಿದರೆ 48 ಗಂಟೆಯೊಳಗೆ ನೋಡಿ ಮುಗಿಸಬೇಕಾಗುತ್ತದೆ. ಆಟಿಯ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟಿಲ್ಲದೆ ಹೋದರೆ ಆ ಹಣ ಮರಳಿ ಬರುವುದಿಲ್ಲ. ಆದ್ದರಿಂದ ಸಾಧ್ಯವಿದ್ದಲ್ಲಿ ಚಿತ್ರವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು, ಮೊಬೈಲಿಗೆ ಚಾರ್ಜ್ ತುಂಬಿಸಿಕೊಂಡ ಮೇಲೆಯೇ ನೋಡಲು ಶುರು ಮಾಡಿ.