ಗೂಗಲ್‌ನಲ್ಲಿ ಸಿಕ್ಕ ಸಹಾಯವಾಣಿಗೆ ಕರೆ ಮಾಡಬೇಡಿ, ನನ್ನ 67,633 ರೂಪಾಯಿ ಹೀಗೆ ಹೋಯಿತು

ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಯೋಚಿಸಿದೆ. ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು ನಾನು, ಮನೆಯವರ ಮೊಬೈಲ್ ರೀಚಾರ್ಜ್‌ನಿಂದ ಹಿಡಿದು ಕರೆಂಟ್ ಬಿಲ್‌ವರೆಗೆ ಎಲ್ಲವನ್ನೂ ಕಟ್ಟುವವಳೂ ನಾನೇ. ಆದರೆ ಮೊನ್ನೆ ನಮ್ಮ ಓಣಿಯ ಇನ್ನೊಬ್ಬರು ಇದೇ ಬಗೆಯಲ್ಲಿ ಹಣ ಕಳೆದುಕೊಂಡರೆಂದು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ದಯವಿಟ್ಟು ಪೂರ್ತಿ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.

ಅಪ್ಪ, ಅವ್ವನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಬೇಕೆಂಬುದು ಬಹಳ ವರ್ಷಗಳ ಆಸೆ. ಈ ಸಲ ತೊಗರಿ ಚೆನ್ನಾಗಿ ಬಂದಿತ್ತು. ಅಪ್ಪ ಕಲಬುರಗಿಯ ನೆಹರೂ ಗಂಜ್‌ ಮಾರುಕಟ್ಟೆಯಲ್ಲಿ ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ನನ್ನ ಖಾತೆಗೆ ಹಾಕಿಸಿ, "ಖರ್ಚೆಲ್ಲ ಇದರಲ್ಲೇ ಆಗಲಿ, ನಿನ್ನ ಸಂಬಳ ಮುಟ್ಟಬೇಡ" ಎಂದಿದ್ದರು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ವೇಟಿಂಗ್ ಲಿಸ್ಟ್ ಉದ್ದವಿತ್ತು. ಅವ್ವನಿಗೆ ಮೊಣಕಾಲು ನೋವು, ಮೇಲಿನ ಬರ್ತ್ ಹತ್ತಲು ಆಗುವುದಿಲ್ಲ. ಹಾಗಾಗಿ ಬೆಂಗಳೂರಿನವರೆಗೆ ಖಾಸಗಿ ಸ್ಲೀಪರ್ ಬಸ್ ನೋಡಿದೆ. ಬುಕಿಂಗ್ ವೆಬ್‌ಸೈಟ್‌ನಲ್ಲಿ ನಾಲ್ಕು ಕೆಳಗಿನ ಬರ್ತ್ ಆರಿಸಿ 4,760 ರೂಪಾಯಿಯನ್ನು ಯುಪಿಐ ಮೂಲಕ ಕಟ್ಟಿದೆ. ಖಾತೆಯಿಂದ ಹಣ ಹೋಯಿತು, ಬ್ಯಾಂಕಿನ ಸಂದೇಶವೂ ಬಂತು. ಟಿಕೆಟ್ ಮಾತ್ರ ಬರಲಿಲ್ಲ. ಪರದೆಯ ಮೇಲೆ "ಪಾವತಿ ಪ್ರಕ್ರಿಯೆಯಲ್ಲಿದೆ" ಎಂದು ಒಂದು ಚಕ್ರ ತಿರುಗುತ್ತಲೇ ಇತ್ತು.

ಇಲ್ಲಿಯವರೆಗೆ ನಡೆದದ್ದು ಎಲ್ಲರಿಗೂ ಆಗುವಂಥದ್ದು. ಇಲ್ಲಿ ಸುಮ್ಮನೆ ಮೊಬೈಲ್ ಕೆಳಗಿಟ್ಟಿದ್ದರೆ ಸಾಕಿತ್ತು. ಸಾಕಿತ್ತು!

ನಾನು ಗಾಬರಿಯಾದೆ. ವೆಬ್‌ಸೈಟ್ ಹೆಸರಿನ ಜೊತೆ "ಕಸ್ಟಮರ್ ಕೇರ್ ನಂಬರ್" ಎಂದು ಗೂಗಲ್‌ನಲ್ಲಿ ಹುಡುಕಿದೆ. ಮೇಲೆಯೇ ಒಂದು ಸಂಖ್ಯೆ, ಪಕ್ಕದಲ್ಲಿ ಅದೇ ಲಾಂಛನ, ಅದೇ ಕೆಂಪು ಬಣ್ಣ. ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆ ಅದು. ಇಷ್ಟು ದೊಡ್ಡ ಸಂಸ್ಥೆಯವರು ಇಂಥ ಸಂಖ್ಯೆಯನ್ನು ಯಾಕೆ ಇಟ್ಟುಕೊಂಡಾರು ಎಂದು ಆಗ ನನಗೆ ಹೊಳೆಯಲಿಲ್ಲ. ಹೆಸರು, ಲಾಂಛನ ಹಾಕಿ ಜಾಹೀರಾತು ಕೊಡುವುದು, ನಕ್ಷೆಯಲ್ಲಿ ಅಂಗಡಿಯಂತೆ ನಮೂದಿಸುವುದು ಯಾರಿಗಾದರೂ ಸಾಧ್ಯ ಎಂಬುದನ್ನು ಆಮೇಲೆ ಪೊಲೀಸರು ಹೇಳಿದರು.

ಎರಡೇ ರಿಂಗ್‌ಗೆ ಕರೆ ಎತ್ತಿದರು. ಮೊದಲು ಹಿಂದಿ, ನಾನು ಕನ್ನಡ ಎಂದ ಕೂಡಲೇ ಸ್ಪಷ್ಟವಾದ ಕನ್ನಡ. ಹಿಂದೆ ಹತ್ತಾರು ಜನ ಮಾತನಾಡುವ ಸದ್ದು, ಥೇಟ್ ಕಚೇರಿಯಂತೆ. "ಮೇಡಂ, ನೀವು ಸ್ವಲ್ಪವೂ ಚಿಂತೆ ಮಾಡಬೇಡಿ, ಈಗಲೇ ಮರಳಿಸುತ್ತೇವೆ. ಕರೆ ಮಾತ್ರ ಕಡಿತ ಮಾಡಬೇಡಿ, ಮಾಡಿದರೆ ನಿಮ್ಮ ವಿನಂತಿ ರದ್ದಾಗುತ್ತದೆ" ಎಂದ. ಈ ಮಾತನ್ನು ಅವನು ಕನಿಷ್ಠ ಐದು ಸಲ ಹೇಳಿದ್ದಾನೆ. ಯಾಕೆಂದು ಈಗ ಗೊತ್ತು. ಕರೆ ಇಟ್ಟಿದ್ದರೆ ನಾನು ಮನೆಯವರನ್ನು ಕೇಳುತ್ತಿದ್ದೆ.

ತಾಂತ್ರಿಕ ತೊಂದರೆ ಪರೀಕ್ಷಿಸಬೇಕು ಎಂದು ಒಂದು ಆ್ಯಪ್ ಹಾಕಿಸಿಕೊಂಡ, ಅದರಲ್ಲಿ ಬಂದ ಒಂಬತ್ತು ಅಂಕಿಗಳನ್ನು ಓದಿಸಿಕೊಂಡ. ಅಲ್ಲಿಂದ ಮುಂದೆ ನನ್ನ ಮೊಬೈಲ್ ಪರದೆ ಅವನಿಗೆ ಕಾಣುತ್ತಿತ್ತು. ಆಮೇಲೆ ಯುಪಿಐ ಆ್ಯಪ್ ತೆರೆಯಲು ಹೇಳಿ, ಒಂದು ಐಡಿ ಬರೆಸಿದ. ಐಡಿಯಲ್ಲೇ "ರೀಫಂಡ್" ಎಂಬ ಪದವಿತ್ತು. ಖಾಲಿ ಜಾಗ ಬಂತು.

"ಮೇಡಂ, ಅಲ್ಲಿ ನಿಮ್ಮ ದೂರಿನ ಸಂಖ್ಯೆ ಹಾಕಿ. ಬರೆದುಕೊಳ್ಳಿ, ಎರಡು, ನಾಲ್ಕು, ಎಂಟು, ಒಂದು, ಆರು."

ಬರೆದೆ. 24816. ಆ ಅಂಕಿಗಳ ಎಡಕ್ಕೆ ಸಣ್ಣದಾಗಿ ರೂಪಾಯಿ ಚಿಹ್ನೆ ಇತ್ತು. ನಾನು ಅದನ್ನು ನೋಡಿದೆ. ಕೇಳಿಯೂ ಕೇಳಿದೆ: "ಇದು ಹಣ ಬರೆಯುವ ಜಾಗವಲ್ಲವೇ?" ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ಹೌದು ಮೇಡಂ, ಆ್ಯಪ್‌ನಲ್ಲಿ ಬೇರೆ ಜಾಗವಿಲ್ಲ, ಅದಕ್ಕೇ ದೂರಿನ ಸಂಖ್ಯೆಯನ್ನು ಅಲ್ಲೇ ತೆಗೆದುಕೊಳ್ಳುತ್ತೇವೆ. ಪಿನ್ ಹಾಕಿದರೆ ನಿಮ್ಮ ಗುರುತು ಖಚಿತವಾಗಿ 4,760 ಬರುತ್ತದೆ." ಎಷ್ಟು ಸಹಜವಾಗಿ ಹೇಳಿದ! ದಿನವಿಡೀ ಅಂಕಿಗಳ ಜೊತೆ ಬದುಕುವ ನಾನು ಆ ಐದು ಅಂಕಿಗಳನ್ನು ಇಪ್ಪತ್ನಾಲ್ಕು ಸಾವಿರ ಎಂದು ಓದಲಿಲ್ಲ. ಎರಡು, ನಾಲ್ಕು, ಎಂಟು ಎಂದು ಬಿಡಿ ಬಿಡಿಯಾಗಿ ಹೇಳಿದ್ದೇ ಅದಕ್ಕೆ. ಪಿನ್ ಹಾಕಿದೆ.

24,816 ರೂಪಾಯಿ ಹೋಯಿತು.

ಹಣ ಹೋಗಿದೆ ಎಂದು ಕೂಗಿದೆ. ಅವನ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಅದು ಹೋದದ್ದಲ್ಲ ಮೇಡಂ, ತಾಳೆ ನೋಡಲು ತಡೆದಿರುವುದು. ನೀವು ಕೊನೆಯ ಅಂಕಿ ತಪ್ಪು ಹಾಕಿದ್ದೀರಿ, ಆರಲ್ಲ, ಏಳು. ಸರಿಯಾಗಿ ಹಾಕಿ, ಎರಡೂ ಒಟ್ಟಿಗೆ ಮರಳುತ್ತವೆ." ತಪ್ಪು ನನ್ನದೇ ಎಂದ! ಅವನೇ ಆರು ಎಂದು ಹೇಳಿದ್ದ, ನಾನು ಕಾಗದದಲ್ಲಿ ಬರೆದುಕೊಂಡಿದ್ದೇನೆ, ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಆದರೂ ನನ್ನ ತಪ್ಪಿರಬಹುದು ಎಂದುಕೊಂಡು 24817 ಹಾಕಿದೆ. ಅದೂ ಹೋಯಿತು. ನಾನು ಅಳುತ್ತಾ ಮಾತನಾಡುತ್ತಿರುವಾಗಲೇ, ಬುಕಿಂಗ್‌ಗಾಗಿ ವೆಬ್‌ಸೈಟ್‌ನಲ್ಲಿ ಉಳಿಸಿಟ್ಟಿದ್ದ ಡೆಬಿಟ್ ಕಾರ್ಡ್‌ನ ವಿವರಗಳನ್ನು ಖಚಿತಪಡಿಸಿ ಎಂದು ಓದಿಸಿಕೊಂಡಿದ್ದ. ಒಟಿಪಿ ನಾನು ಹೇಳಲೇ ಇಲ್ಲ, ಪರದೆಯ ಮೇಲೆ ಬಂದದ್ದನ್ನು ಅವನೇ ಓದಿಕೊಂಡ. 18,000.

ಪೊಲೀಸರಿಗೆ ದೂರು ಕೊಡುತ್ತೇನೆ ಎಂದೆ. "ಕೊಡಿ ಮೇಡಂ, ಧಾರಾಳವಾಗಿ ಕೊಡಿ. ಪಿನ್ ಹಾಕಿದ್ದು ನೀವಲ್ಲವೇ?" ಎಂದು ಕರೆ ಇಟ್ಟ. ಅದೇ ಮೃದುವಾದ ದನಿಯಲ್ಲಿ.

ಮನೆಯವರು ಬರುವಷ್ಟರಲ್ಲಿ ಹೊತ್ತಾಗಿತ್ತು. ಅವರೇ ಆ ಆ್ಯಪ್ ತೆಗೆದುಹಾಕಿ, ಮೊಬೈಲ್ ಇಂಟರ್ನೆಟ್ ನಿಲ್ಲಿಸಿ, ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಬಂದ್ ಮಾಡಿಸಿದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮೂರನೇ ಸಲಕ್ಕೆ ಸಿಕ್ಕಿತು. ಆ ಕಡೆಯವರು ಕೇಳಿದ್ದು ವ್ಯವಹಾರದ ಸಂಖ್ಯೆ, ಸಮಯ, ಮೊತ್ತ. ಅವನ್ನೆಲ್ಲ ಬ್ಯಾಂಕಿನ ಸಂದೇಶಗಳಿಂದ ಓದಿ ಹೇಳಿದೆವು. ಮರುದಿನ ಸೈಬರ್ ಠಾಣೆಗೆ ಹೋದೆವು. ಕಾರ್ಡ್‌ನಿಂದ ಹೋದ ಹಣದಲ್ಲಿ 11,000 ರೂಪಾಯಿ ಯಾವುದೋ ಖಾತೆಯಲ್ಲಿ ತಡೆಹಿಡಿಯಲಾಗಿದೆ ಎಂದು ಈಚೆಗೆ ತಿಳಿಯಿತು. ಅದು ಇನ್ನೂ ಕೈಗೆ ಬಂದಿಲ್ಲ. ಉಳಿದದ್ದು ಅವತ್ತೇ ರಾತ್ರಿ ಮೂರು ಖಾತೆ ದಾಟಿ ಹೋಗಿತ್ತು.

ಬ್ಯಾಂಕಿನಲ್ಲಿ ಒಬ್ಬರು ಎಲ್ಲರೆದುರು ಗಟ್ಟಿಯಾಗಿ ಕೇಳಿದರು, "ಓದಿದವರು ನೀವೇ ಹೀಗೆ ಮಾಡಿದರೆ ಹೇಗೆ?" ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕರ ಅಜಾಗರೂಕತೆಯಿಂದ ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ವಿವರಿಸಿದರು. ನಿಯಮ ಇರಲಿ, ಒಪ್ಪುತ್ತೇನೆ. ಹಾಗೆ ಗಟ್ಟಿಯಾಗಿ ಕೇಳುವ ಅಗತ್ಯ ಏನಿತ್ತು? ಇಂಥ ಮಾತಿಗೆ ಹೆದರಿಯೇ ಎಷ್ಟೋ ಜನ ಬ್ಯಾಂಕಿಗೆ ತಿಳಿಸುವುದೇ ಇಲ್ಲ.

ನಿಜವಾದ ಬುಕಿಂಗ್ ಸಂಸ್ಥೆಗೂ ಅವರ ಆ್ಯಪ್‌ನೊಳಗಿನ ಸಹಾಯ ವಿಭಾಗದಿಂದ ಬರೆದೆ. "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ. ಆ ಸಂಖ್ಯೆಗೂ ನಮಗೂ ಸಂಬಂಧವಿಲ್ಲ." ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಇದೇ ಸಾಲು, ಒಂದು ಅಕ್ಷರ ಬದಲಾಗಿಲ್ಲ. ನಿಮ್ಮ ಲಾಂಛನ ಹಾಕಿಕೊಂಡು ಜನರನ್ನು ಸುಲಿಯುತ್ತಿದ್ದಾರೆ, ಆ ಜಾಹೀರಾತು ತೆಗೆಸಿ ಎಂದರೆ ಅದಕ್ಕೂ ವಿಷಾದ. ಟಿಕೆಟ್ ಕಾಯ್ದಿರಿಸುವಾಗ ವಿಮೆ ಬೇಕೇ, ತಿಂಡಿ ಬೇಕೇ ಎಂದು ಹತ್ತು ಸಲ ಕೇಳುವವರು "ಹಣ ಕಡಿತವಾಗಿ ಟಿಕೆಟ್ ಬರದಿದ್ದರೆ ಗಾಬರಿಯಾಗಬೇಡಿ, ಕಾಯಿರಿ" ಎಂದು ಆ ತಿರುಗುವ ಚಕ್ರದ ಕೆಳಗೆ ಒಂದು ಸಾಲು ಬರೆಯಲಾರರೇ?

ಏಕೆಂದರೆ ನನ್ನ 4,760 ರೂಪಾಯಿ ನಾಲ್ಕನೇ ದಿನ ಬೆಳಿಗ್ಗೆ ತಾನಾಗಿಯೇ ಖಾತೆಗೆ ಬಂತು. ಯಾರಿಗೂ ಕೇಳದೆ, ಯಾವ ಪಿನ್ ಹಾಕದೆ. ಯುಪಿಐಯಲ್ಲಿ ಹಣ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆಯಂತೆ. ಆ ಸಂದೇಶ ಬಂದಾಗ ನಾನು ಶಾಲೆಯಲ್ಲಿದ್ದೆ. ಹಣ ಹೋದಾಗಲೂ ಅಷ್ಟು ಸಂಕಟವಾಗಿರಲಿಲ್ಲ.

ಅಪ್ಪನಿಗೆ ಹೇಳಲು ಎರಡು ದಿನ ಬೇಕಾಯಿತು. ಕೇಳಿಸಿಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. "ಹೋಗಲಿ ಬಿಡವ್ವಾ, ಮಳೆ ಬಾರದ ವರ್ಷ ಎಂದುಕೊಳ್ಳೋಣ" ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೆಚ್ಚು ಹೇಳುವುದಿಲ್ಲ. ಹಣ ಬರಬೇಕಾದರೆ ಪಿನ್ ಬೇಡ, ಪಿನ್ ಹಾಕಿದರೆ ಹಣ ಹೋಗುತ್ತದೆ, ಯಾರು ಏನೇ ಹೇಳಲಿ. ಸಹಾಯವಾಣಿ ಸಂಖ್ಯೆಯನ್ನು ಆ ಸಂಸ್ಥೆಯ ಆ್ಯಪ್‌ನೊಳಗೇ ನೋಡಿ, ರೈಲಿನ ವಿಚಾರವಾದರೆ 139 ಇದೆ. "ಕರೆ ಇಡಬೇಡಿ" ಎಂದವನ ಕರೆಯನ್ನು ಮೊದಲು ಇಡಿ. ಹಣ ಹೋಗಿದ್ದರೆ ನಾಚಿಕೆ ಆಮೇಲೆ ಪಡಿ, ಮೊದಲು 1930, ಮೊದಲು ಬ್ಯಾಂಕ್. ನಾನು ಅತ್ತು ಕಳೆದ ಮುಕ್ಕಾಲು ಗಂಟೆಯಲ್ಲೇ ಆ ಹಣ ಖಾತೆಯಿಂದ ಖಾತೆಗೆ ಓಡಿದ್ದು.

ಈ ವಾರ ಅಪ್ಪ, ಅವ್ವ ಹೊರಡುತ್ತಿದ್ದಾರೆ. ಟಿಕೆಟ್‌ಗಳನ್ನು ನಾನೇ ಕೇಂದ್ರ ಬಸ್ ನಿಲ್ದಾಣದ ಕೌಂಟರ್‌ಗೆ ಹೋಗಿ, ನಗದು ಕೊಟ್ಟು ತಂದಿದ್ದೇನೆ. ಆ ಸಂಖ್ಯೆಯ ಬಗ್ಗೆ ಗೂಗಲ್‌ಗೆ ಎರಡು ಸಲ ವರದಿ ಮಾಡಿದ್ದೆ. ನಿನ್ನೆ ರಾತ್ರಿ ಮತ್ತೆ ಹುಡುಕಿದೆ. ಅದೇ ಲಾಂಛನ, ಅದೇ ಕೆಂಪು ಬಣ್ಣ ಇನ್ನೂ ಅಲ್ಲೇ ಇದೆ, ಸಂಖ್ಯೆ ಮಾತ್ರ ಬೇರೆ. ಮೂರನೇ ಸಲ ವರದಿ ಮಾಡಿದ್ದೇನೆ. ನೀವೂ ಕಂಡರೆ ಮಾಡಿ.